ಸಹಿ ಹಾಕೋಕೆ ಒಬ್ಬರು ಬೇಕು ಅಂತ ಮದುವೆಯಾಗಬೇಡಿ

"ಮೇಡಂ, ನೀವಾದ್ರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ನಾಳೆ ಆಸ್ಪತ್ರೆ ಸೇರಿದ್ರೆ ಸಹಿ ಹಾಕೋಕೆ ಒಬ್ಬರು ಬೇಡ್ವಾ?"

ಮೈಸೂರಿನಲ್ಲಿ ವಕೀಲಿ ಶುರು ಮಾಡಿ 21 ವರ್ಷ ಆಯಿತು. ನನ್ನ ಹತ್ತಿರ ಬರುವುದು ಆಸ್ತಿ ಮತ್ತು ಕುಟುಂಬದ ಕೇಸುಗಳೇ ಜಾಸ್ತಿ. ಈ ಮಾತನ್ನು ತಿಂಗಳಿಗೆ ಒಂದೆರಡು ಸಲವಾದರೂ ಕೇಳುತ್ತೇನೆ. ಸೈಟಿನ ಕಾಗದ ತೋರಿಸಲು ತಾಯಿ ಬಂದಿರುತ್ತಾರೆ, ಪಕ್ಕದಲ್ಲಿ ಮೂವತ್ತೈದು ದಾಟಿದ ಮಗಳೋ ಮಗನೋ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಕಾಗದದ ಮಾತು ಮುಗಿಯುತ್ತಿದ್ದ ಹಾಗೆ ಇದು ಶುರು. ನಾಮಕರಣ, ಗೃಹಪ್ರವೇಶ, ಎಲ್ಲಿ ಹೋದರೂ "ನಮಗೆ ಯಾವಾಗ ಊಟ ಹಾಕಿಸ್ತೀಯಾ" ಅಂತ ಕೇಳಿಸಿಕೊಂಡವರು, ಇಲ್ಲೂ ಅದನ್ನೇ ಕೇಳಿಸಿಕೊಳ್ಳಬೇಕು. ಪಾಪ ಅನಿಸುತ್ತದೆ.

ಮದುವೆ ಬೇಕೋ ಬೇಡವೋ ಹೇಳುವುದು ನನ್ನ ಕೆಲಸವಲ್ಲ. ಇಷ್ಟಪಟ್ಟು ಆಗುವವರು ಆಗಲಿ, ಚೆನ್ನಾಗಿರಲಿ. ಆದರೆ ಸಹಿ ಯಾರು ಹಾಕ್ತಾರೆ, ಆಸ್ತಿ ಯಾರಿಗೆ ಹೋಗುತ್ತೆ ಅನ್ನುವ ಹೆದರಿಕೆಗೆ ಹಸೆಮಣೆ ಏರಿ, ಎರಡು ವರ್ಷಕ್ಕೆ ವಿಚ್ಛೇದನದ ಅರ್ಜಿ ಬರೆಸಲು ಬಂದವರನ್ನು ನೋಡಿ ನೋಡಿ ಸಾಕಾಗಿದೆ. ಇವೆರಡೂ ಕಾಗದದ ಕೆಲಸ. ಅದಕ್ಕೆ ಗಂಡ ಅಥವಾ ಹೆಂಡತಿ ಬೇಕಾಗಿಲ್ಲ.

ಸಹಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಪ್ರಜ್ಞೆ ಇರುವ ವಯಸ್ಕರ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಪ್ರಾಣಕ್ಕೆ ಅಪಾಯ ಇದ್ದಾಗ ಯಾರ ಸಹಿಗೂ ಕಾಯದೆ ವೈದ್ಯರು ಚಿಕಿತ್ಸೆ ಶುರು ಮಾಡಬಹುದು. ಇನ್ನು ಮೇಲೇಳುವ ಭರವಸೆಯೇ ಇಲ್ಲದ ಸ್ಥಿತಿ ಬಂದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಅವಕಾಶ ಕೊಟ್ಟಿದೆ. 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಆಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದರ ಬಗ್ಗೆ ಆದೇಶ ಹೊರಡಿಸಿದೆ. ನಿಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನು ಆ ಪತ್ರದಲ್ಲೇ ಬರೆಯಬಹುದು.

ಇನ್ನು ಆಸ್ತಿ. ಒಂಟಿಯಾಗಿ ಇರುವವರು, ಅದರಲ್ಲೂ ಓದಿದವರು, ಚೆನ್ನಾಗಿ ಸಂಪಾದಿಸುವವರು ಹೇಳುವ ಮಾತು ಒಂದೇ: "ನಾಮಿನಿ ಹಾಕಿದ್ದೀನಿ ಮೇಡಂ, ಎಲ್ಲಾ ಸರಿಯಿದೆ."

ಸರಿಯಿಲ್ಲ. ನಾಮಿನಿ ಅಂದರೆ ವಾರಸುದಾರ ಅಲ್ಲ. ನಾಮಿನಿ ಅಂದರೆ ನೀವು ಹೋದ ಮೇಲೆ ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವವರು, ಅಷ್ಟೇ. ಈಸಿಕೊಂಡ ಮೇಲೆ ಅದು ಕಾನೂನಿನ ಪ್ರಕಾರ ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತದೆ. ಷೇರುಗಳ ನಾಮಿನಿ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದ ಮೇಲೆ ಲೆಕ್ಕ ಸ್ವಲ್ಪ ಬೇರೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಸಾಮಾನ್ಯವಾಗಿ ಆ ಹಣ ಅವರದ್ದೇ. ಆದರೆ ಗೆಳತಿಯನ್ನೋ ಅಕ್ಕನ ಮಗನನ್ನೋ ನಾಮಿನಿ ಮಾಡಿದವರಿಗೆ ಆ ಅನುಕೂಲ ಇಲ್ಲ. ಒಂಟಿಯಾಗಿರುವವರು ಬರೆಯುವುದು ಹೆಚ್ಚಾಗಿ ಇಂಥವರ ಹೆಸರನ್ನೇ ಅಲ್ವಾ?

ಒಬ್ಬ ನಿವೃತ್ತ ಶಿಕ್ಷಕಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರು ಮದುವೆಯಾಗಿರಲಿಲ್ಲ. 30-40ರ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದ್ದರು. ಜೊತೆಗೆ ಪಾಠ ಮಾಡುತ್ತಿದ್ದ ಗೆಳತಿಯೂ ಅದೇ ಮನೆಯಲ್ಲಿ ಇದ್ದರು, ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಕೊನೆಯ ಮೂರು ವರ್ಷ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಆಟೋದಲ್ಲಿ ಕರೆದುಕೊಂಡು ಹೋಗಿ ಬಂದವರು ಆ ಗೆಳತಿಯೇ. ಅಣ್ಣಂದಿರು ಇಬ್ಬರಿದ್ದರು. ಮದುವೆಗೆ ಒಪ್ಪಲಿಲ್ಲ ಅಂತ ಮಾತು ಬಿಟ್ಟವರು ಕಡೆಗೂ ಬಂದು ನೋಡಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಿಗೆ ಗೆಳತಿ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಪಾಸ್‌ಬುಕ್ಕು, ರಬ್ಬರ್ ಬ್ಯಾಂಡ್ ಹಾಕಿದ ಔಷಧಿ ಚೀಟಿಗಳು, ಕೊನೆಯಲ್ಲಿ ಮಡಿಸಿಟ್ಟ ಒಂದು ಕ್ಯಾಲೆಂಡರ್ ಹಾಳೆ. ಮುಂದಿನ ಬದಿಯಲ್ಲಿ ಆಗಸ್ಟ್ ತಿಂಗಳ ಹಾಲಿನ ಲೆಕ್ಕ. ಹಿಂದಿನ ಬದಿಯಲ್ಲಿ ಬೋರ್ಡಿನ ಮೇಲೆ ಬರೆದ ಹಾಗೆ ಗುಂಡಾದ ಅಕ್ಷರ: ನನ್ನ ನಂತರ ಈ ಮನೆ, ಬ್ಯಾಂಕಿನ ಹಣ ನನ್ನ ಗೆಳತಿಗೆ ಸೇರಬೇಕು. ಕೆಳಗೆ ಸಹಿ, ತಾರೀಖು.

ಸಾಕ್ಷಿಗಳ ಸಹಿ ಇರಲಿಲ್ಲ.

ಕ್ಯಾಲೆಂಡರ್ ಹಾಳೆ ಆಗಿದ್ದಕ್ಕೆ ಅದು ಬಿದ್ದುಹೋಯಿತು ಅಂತ ದಯವಿಟ್ಟು ತಿಳಿಯಬೇಡಿ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು, ಅಷ್ಟೇ. ಬೇಕಾಗಿದ್ದದ್ದು ಅವರು ಸಹಿ ಹಾಕುವುದನ್ನು ನೋಡಿ, ಅವರ ಎದುರೇ ಕೆಳಗೆ ಸಹಿ ಹಾಕುವ ಇಬ್ಬರು. ಹಾಲು ಹಾಕುವವರು ಒಬ್ಬರು, ಪಕ್ಕದ ಮನೆಯವರು ಒಬ್ಬರು ಸಾಕಿತ್ತು. ಹತ್ತು ನಿಮಿಷದ ಕೆಲಸ.

ಉಯಿಲಿಲ್ಲದೆ ಹೋದರೆ ಏನಾಗುತ್ತದೆ? ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಕ್ಕಳಿಲ್ಲದ, ಮದುವೆಯಾಗದ ಹೆಣ್ಣುಮಗಳ ಆಸ್ತಿ ಮೊದಲು ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಅಂದರೆ ಇಲ್ಲಿ ಅದೇ ಅಣ್ಣಂದಿರಿಗೆ. ಅವರು ವಂಶವೃಕ್ಷ ಮಾಡಿಸಿಕೊಂಡು ಬಂದರು, ಮನೆ ಅವರ ಹೆಸರಿಗೆ ಆಯಿತು. ಎಫ್‌ಡಿಗೆ ಗೆಳತಿಯೇ ನಾಮಿನಿ, ಬ್ಯಾಂಕು ದುಡ್ಡು ಕೊಟ್ಟಿತು, ಆಮೇಲೆ ಅದಕ್ಕೂ ನೋಟಿಸ್ ಬಂತು. ನನ್ನಿಂದ ಹೆಚ್ಚೇನೂ ಮಾಡಲಾಗಲಿಲ್ಲ. ರಾಜಿಯಲ್ಲಿ ಒಂದಿಷ್ಟು ಉಳಿಸಿಕೊಟ್ಟೆ. ಆ ಹಾಳೆಯನ್ನು ಗೆಳತಿ ವಾಪಸ್ ಕೇಳಿದರು. ಅಕ್ಷರ ಅವರದ್ದು, ಇಟ್ಕೊಳ್ತೀನಿ ಅಂದರು.

ಪವರ್ ಆಫ್ ಅಟಾರ್ನಿ ಕೊಟ್ಟಿದ್ದೀವಿ ಅನ್ನುವವರಿಗೂ ಒಂದು ಮಾತು. ನೀವು ತೀರಿಕೊಂಡ ಕ್ಷಣ ಅದು ಮುಗಿಯಿತು. ಬುದ್ಧಿ ಸ್ಥಿಮಿತ ಕಳೆದುಕೊಂಡರೂ ಸಾಮಾನ್ಯವಾಗಿ ಅದಕ್ಕೆ ಬೆಲೆ ಇರುವುದಿಲ್ಲ. ಅದು ಉಯಿಲಿನ ಬದಲಿ ಅಲ್ಲ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮ ಬೇರೆ. ಹಾಗಾಗಿ ಇದನ್ನು ಓದಿ ನೀವೇ ಬರೆದಿಟ್ಟುಕೊಳ್ಳುವ ಮೊದಲು ಯಾರಾದರೂ ವಕೀಲರಿಗೆ ಒಮ್ಮೆ ತೋರಿಸಿ.

ಶುರುವಿನಲ್ಲಿ ಹೇಳಿದ ಆ ತಾಯಿ ಮಗಳು ಹೋದ ವಾರ ಬಂದವರು. ಮಗಳಿಗೆ 37. ಇದನ್ನೆಲ್ಲ ಹೇಳಿದ ಮೇಲೆ ಅವಳು ಅಲ್ಲೇ ಒಂದು ಪಟ್ಟಿ ಬರೆದಳು: ಫ್ಲ್ಯಾಟು, ಪಿಎಫ್, ಚಿನ್ನ. ಅಮ್ಮ ಸುಮ್ನೆ ಕೂತಿದ್ದರು. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮನೆ ಅಮ್ಮನ ಹೆಸರಿನಲ್ಲಿದೆ, ಮೂವರು ಮಕ್ಕಳು. "ನಿಮ್ಮದು ಉಯಿಲು ಆಗಿದೆಯಾಮ್ಮ?" ಅಂತ ಕೇಳಿದೆ. ಇಲ್ಲ ಅಂದರು. ಇಬ್ಬರೂ ಸೋಮವಾರ ಬರುತ್ತಾರೆ.