ಕೂಸಿನ ಔಷಧಕ್ಕೆ ಯಾವ ಸಿರಿಂಜ್?

ಬೆಟಗೇರಿಯ ತಾಯಿಯೊಬ್ಬರು ಕಳೆದ ತಿಂಗಳು ಗದಗಿನ ನಮ್ಮ ಔಷಧ ಅಂಗಡಿಗೆ ಬಂದು, ಇನ್ಸುಲಿನ್ ಸಿರಿಂಜ್ ಒಂದನ್ನು ಮುಂದಿಟ್ಟು, "ಅಣ್ಣಾ, ಇಂಥದ್ದೇ ಇನ್ನೊಂದು ಕೊಡಿ" ಎಂದರು. ಮನೆಯಲ್ಲಿ ಮಾವನವರಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಕೂಸಿಗೆ ವೈದ್ಯರು ವಿಟಮಿನ್ ಡಿ3 ಹನಿಯನ್ನು ದಿನಕ್ಕೆ 0.5 ಮಿ.ಲೀ. ಬರೆದುಕೊಟ್ಟಿದ್ದರು. ಬಾಟಲಿಯ ಜೊತೆ ಬಂದಿದ್ದ ಡ್ರಾಪರ್ ಕಳೆದುಹೋದ ಮೇಲೆ ಮಾವನವರ ಸಿರಿಂಜಿನಲ್ಲೇ ಎಳೆದು, ಚಮಚಕ್ಕೆ ಬಿಟ್ಟು ಕುಡಿಸುತ್ತಿದ್ದರು.

"ಎಲ್ಲಿಯವರೆಗೆ ಎಳೆಯುತ್ತೀರಿ, ತಂಗೀ?" ಎಂದು ಕೇಳಿದೆ. ಅವರ ಉಗುರು 5ರ ಗೆರೆಯ ಮೇಲೆ ನಿಂತಿತು.

ಆ 5 ಮಿ.ಲೀ. ಲೆಕ್ಕದ್ದಲ್ಲ, ಇನ್ಸುಲಿನ್ ಯೂನಿಟ್ಟಿನದು. ಕೆಂಪು ಮುಚ್ಚಳದ ಯು-40 ಸಿರಿಂಜಿನಲ್ಲಿ 40 ಗೆರೆ ಸೇರಿದರೆ 1 ಮಿ.ಲೀ. ಹಾಗಾಗಿ 5 ಎಂದರೆ 0.125 ಮಿ.ಲೀ. ಮಾತ್ರ, ಅಂದರೆ ಬರೆದದ್ದರ ಕಾಲು ಭಾಗ. ಕಿತ್ತಳೆ ಮುಚ್ಚಳದ ಯು-100 ಆಗಿದ್ದರೆ ಇನ್ನೂ ಕಡಿಮೆ. ಡಿ3 ಬಾಟಲಿಯ ಮೇಲೂ ಯೂನಿಟ್ ಎಂದೇ ಬರೆದಿರುತ್ತದೆ. ಆ ಯೂನಿಟ್ಟಿಗೂ ಇನ್ಸುಲಿನ್ ಯೂನಿಟ್ಟಿಗೂ ಸಂಬಂಧವೇ ಇಲ್ಲ. ಆ ತಾಯಿಯ ತಪ್ಪೇನೂ ಇಲ್ಲ. ಡ್ರಾಪರ್ ಕಳೆದರೆ ಏನು ಮಾಡಬೇಕೆಂದು ಮೊದಲ ದಿನವೇ ಹೇಳಬೇಕಾದವರು ಕೌಂಟರಿನ ಈಚೆ ಕುಳಿತ ನಾವು.

ಬಾಯಿಗೆ ಹಾಕುವ ಔಷಧಕ್ಕೆಂದೇ ಬೇರೆ ಸಿರಿಂಜ್ ಸಿಗುತ್ತದೆ. ಅದರ ಮೂತಿಗೆ ಸೂಜಿ ಕೂಡುವುದಿಲ್ಲ, ಗೆರೆಗಳೆಲ್ಲ ಮಿ.ಲೀ.ನಲ್ಲೇ ಇರುತ್ತವೆ. ಕೇಳಿ ಪಡೆಯಿರಿ. ಅದು ಸಿಗದೆ ಇಂಜೆಕ್ಷನ್ ಸಿರಿಂಜನ್ನೇ ಒಯ್ಯಬೇಕಾದರೆ ಸೂಜಿಯನ್ನೂ ಮುಚ್ಚಳವನ್ನೂ ಅಂಗಡಿಯಲ್ಲೇ ಬಿಟ್ಟು ಹೋಗಿ. ಆ ಪುಟ್ಟ ಮುಚ್ಚಳ ಕೂಸಿನ ಗಂಟಲಿಗೆ ಹೋಗಿ ಸಿಕ್ಕಿಕೊಂಡರೆ ಉಸಿರೇ ನಿಲ್ಲಬಹುದು.

ಇನ್ನು ಅಳತೆ. ಕೊಡಬೇಕಾದ ಔಷಧ ಒಂದೇ ಸಲಕ್ಕೆ ಹಿಡಿಸುವ ಸಿರಿಂಜುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ. 0.5 ಮಿ.ಲೀ.ಗೆ 1 ಮಿ.ಲೀ.ನದು, 4 ಮಿ.ಲೀ.ಗೆ 5ರದು. ದೊಡ್ಡ ಸಿರಿಂಜಿನಲ್ಲಿ ಗೆರೆಗಳು ದೂರ ದೂರ, ಅರ್ಧ ಮಿ.ಲೀ. ಅಲ್ಲಿ ಬರೀ ಅಂದಾಜಾಗುತ್ತದೆ. ಎಳೆದ ಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು, ಕಪ್ಪು ರಬ್ಬರಿನ ಮೇಲಂಚು ಸಿರಿಂಜಿನ ಗೋಡೆಗೆ ತಾಗುವ ಜಾಗವನ್ನು ನೋಡಿ. ರಬ್ಬರಿನ ನಡುವಿನ ಉಬ್ಬನ್ನು ನೋಡಿದರೆ ಲೆಕ್ಕ ತಪ್ಪುತ್ತದೆ. ಸಿರಪ್ ಮಂದವಾಗಿದ್ದಷ್ಟೂ ನಿಧಾನವಾಗಿ ಎಳೆಯಿರಿ, ಅವಸರ ಮಾಡಿದರೆ ಗಾಳಿಗುಳ್ಳೆ ಸೇರುತ್ತದೆ. ಗುಳ್ಳೆ ಬಂದರೆ ಮೂತಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ, ಗಾಳಿ ಹೊರಹಾಕಿ ಮತ್ತೆ ಅಳೆಯಿರಿ. ಕುಡಿಸಿದ ಮೇಲೆ ಮೂತಿಯಲ್ಲಿ ಉಳಿಯುವ ಒಂದು ಹನಿ ಅಳತೆಗೆ ಸೇರಿದ್ದಲ್ಲ, ಅದನ್ನು ತೊಳೆದು ಕುಡಿಸುವುದು ಬೇಡ.

ಸಿರಿಂಜ್ ಸರಿಯಿದ್ದರೂ ಬಾಟಲಿ ಬದಲಾದರೆ ಎಲ್ಲ ಬುಡಮೇಲು. ಜ್ವರದ ಪ್ಯಾರಾಸಿಟಮಾಲ್ ಹನಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಔಷಧವಿರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 25. ಹನಿ ನಾಲ್ಕು ಪಟ್ಟು ಗಟ್ಟಿ. 250 ಎಂದು ಬರೆದ ಸಿರಪ್ಪೂ ಇದೆ. "ಕಳೆದ ಸಲ 4 ಮಿ.ಲೀ. ಕೊಟ್ಟಿದ್ದೆವು" ಎಂದು ಹನಿಯ ಬಾಟಲಿಯಿಂದ ಅಷ್ಟೇ ಎಳೆದರೆ 100 ಮಿ.ಗ್ರಾಂ ಬದಲು 400 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ. ಬಾಟಲಿ ಹೊಸದಾದಾಗಲೆಲ್ಲ ಚೀಟಿ ಹಿಡಿದುಕೊಂಡು ಬಂದು ಕೇಳಿ. ಎಷ್ಟು ಜನ ಸಾಲಿನಲ್ಲಿದ್ದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಪುಡಿ ರೂಪದಲ್ಲಿ ಬರುವ ಆಂಟಿಬಯೋಟಿಕ್ ಸಿರಪ್ಪಿನಲ್ಲಿ ಸಿರಿಂಜೇ ದಾರಿ ತಪ್ಪಿಸುವುದುಂಟು. ಬಾಟಲಿಯ ಮೇಲೆ 30 ಮಿ.ಲೀ. ಎಂದು ಕಂಡೊಡನೆ ಕೆಲವರು ಅಚ್ಚುಕಟ್ಟಾಗಿ 10 ಮಿ.ಲೀ. ಸಿರಿಂಜಿನಲ್ಲಿ ಮೂರು ಸಲ ನೀರು ಹಾಕುತ್ತಾರೆ. ಆದರೆ 30 ಎನ್ನುವುದು ಪುಡಿ ಮತ್ತು ನೀರು ಕೂಡಿದ ಮೇಲಿನ ಅಳತೆ. ನೀರೇ 30 ಹಾಕಿದರೆ ಔಷಧ ತೆಳ್ಳಗಾಗುತ್ತದೆ. ಮೊದಲು ಬಾಟಲಿ ತಟ್ಟಿ ಪುಡಿಯನ್ನು ಸಡಿಲಿಸಿ. ಕುದಿಸಿ ಆರಿಸಿದ ನೀರನ್ನು ಅಥವಾ ಜೊತೆಗೆ ಕೊಟ್ಟಿರುವ ನೀರನ್ನು ಅರ್ಧದಷ್ಟು ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಬಾಟಲಿಯ ಗೆರೆಯವರೆಗೆ ತುಂಬಿಸಿ, ಮತ್ತೊಮ್ಮೆ ಕುಲುಕಿ. ಪ್ರತಿ ಸಲ ಅಳೆಯುವ ಮುನ್ನವೂ ಕುಲುಕಬೇಕು. ಇಲ್ಲದಿದ್ದರೆ ಔಷಧವೆಲ್ಲ ತಳದಲ್ಲೇ ಉಳಿಯುತ್ತದೆ.

ಕುಡಿಸುವಾಗ ಕೂಸಿನ ತಲೆ ಎತ್ತರಕ್ಕಿರಲಿ. ಗಂಟಲಿಗೆ ನೇರವಾಗಿ ಚಿಮ್ಮಿಸದೆ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಅಜ್ಜಿಯರು ಒಳಲೆಯಲ್ಲೇ ಹಾಕುತ್ತೇವೆಂದು ಹಟ ಹಿಡಿದರೆ ಅಡ್ಡಿಯಿಲ್ಲ. ಸಿರಿಂಜಿನಲ್ಲಿ ಅಳೆದು ಒಳಲೆಗೆ ಬಿಡಿ. ಅಂಟಿ ಉಳಿದ ಔಷಧಕ್ಕೆ ತಾಯಿಯ ಹಾಲು ನಾಲ್ಕು ಹನಿ ಬೆರೆಸಿ ಅದನ್ನೂ ಕುಡಿಸಿ.

ಬಳಸಿದ ಮೇಲೆ ದಂಡ ಹೊರತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಕುದಿಸಿದರೆ ಗೆರೆಗಳು ಅಳಿಸಿಹೋಗಬಹುದು. ಗೆರೆ ಮಸುಕಾದರೆ ಅಥವಾ ದಂಡ ಸರಾಗವಾಗಿ ಜಾರದಿದ್ದರೆ ಎಸೆಯಿರಿ. ಬೆಟಗೇರಿಯ ಆ ತಾಯಿಗೆ 1 ಮಿ.ಲೀ. ಸಿರಿಂಜ್ ಕೊಟ್ಟು, 0.5ರ ಗೆರೆಗೆ ಕೆಂಪು ಉಗುರುಬಣ್ಣ ಹಚ್ಚಿಕೊಳ್ಳಲು ಹೇಳಿದೆ.