ಓದುಗರ ಪ್ರಶ್ನೆ: ಬಾಕ್ಸಿಂಗ್‌ನಲ್ಲಿ ಎಲ್ಲರಿಗಿಂತ ಜೋರಾಗಿ ಗುದ್ದಿದವನು ಯಾರು?

ಪ್ರಶ್ನೆ: ಬಾಕ್ಸಿಂಗ್ ಇತಿಹಾಸದಲ್ಲಿ ಅತಿ ಜೋರಾದ ಗುದ್ದು ಮೈಕ್ ಟೈಸನ್‌ದೇ ಅಲ್ವಾ? ಒಂದೇ ಏಟಿಗೆ ಅಷ್ಟು ದೊಡ್ಡ ಆಳುಗಳು ಎಚ್ಚರ ತಪ್ಪಿ ಬೀಳುವುದಾದರೂ ಹೇಗೆ?

ಉತ್ತರ: ಟೈಸನ್ ಹೆಸರು ಮೊದಲು ಬಾಯಿಗೆ ಬರುವುದು ಸಹಜ. 1986ರಲ್ಲಿ, ಬರೀ 20ನೇ ವಯಸ್ಸಿಗೆ, ಟ್ರೆವರ್ ಬರ್ಬಿಕ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿ ಹೆವಿವೇಟ್ (ಅತಿ ಹೆಚ್ಚು ತೂಕದವರ ವಿಭಾಗ) ಚಾಂಪಿಯನ್ ಆದವನು ಅವನು. ಕೊನೆಯ ಎಡಗೈ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಗುದ್ದು) ತಲೆಗೆ ಬಿದ್ದಾಗ ಬರ್ಬಿಕ್ ಬಿದ್ದ, ಎದ್ದ, ತೂರಾಡಿ ಹಗ್ಗದ ಮೇಲೆ ಬಿದ್ದ, ಮತ್ತೆ ಏಳಲು ಹೋಗಿ ಮತ್ತೆ ಬಿದ್ದ. ಒಂದು ಗುದ್ದಿಗೆ ಮೂರು ಸಲ! 1988ರಲ್ಲಿ ಮೈಕಲ್ ಸ್ಪಿಂಕ್ಸ್ ಕಥೆ 91 ಸೆಕೆಂಡಿಗೇ ಮುಗಿಯಿತು.

ಆದರೆ ಈ ಪ್ರಶ್ನೆಯನ್ನು ನೋಡಿದವರಿಗಿಂತ ಗುದ್ದು ತಿಂದವರನ್ನು ಕೇಳುವುದು ಒಳ್ಳೆಯದು. ಹಳೆಯ ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್ ಟೈಸನ್ ಕೈಯಲ್ಲಿ ನಾಕೌಟ್ (ಪೆಟ್ಟಿನಿಂದ ಪಂದ್ಯ ಮುಂದುವರಿಸಲಾಗದೆ ಸೋಲುವುದು) ಆದವನು. ಅವನ ಇಡೀ ವೃತ್ತಿಜೀವನದಲ್ಲಿ ಹಾಗೆ ಸೋತದ್ದು ಅದೊಂದೇ ಸಲ. ಆದರೂ ಎಲ್ಲರಿಗಿಂತ ಜೋರಾಗಿ ಹೊಡೆದವನು ಯಾರು ಎಂದರೆ ಹೋಮ್ಸ್ ಹೇಳುತ್ತಾ ಬಂದ ಹೆಸರು ಬೇರೆ: ಅರ್ನಿ ಶೇವರ್ಸ್.

ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಬೋಳು ತಲೆ, ಅಗಲ ಎದೆ, ಅಮೆರಿಕದವನು. 70ಕ್ಕೂ ಹೆಚ್ಚು ಗೆಲುವು, ಅದರಲ್ಲಿ ಐದಾರು ಬಿಟ್ಟರೆ ಉಳಿದದ್ದೆಲ್ಲ ನಾಕೌಟ್. ಕೆನ್ ನಾರ್ಟನ್‌ನಂಥವನನ್ನು 1979ರಲ್ಲಿ ಮೊದಲ ಸುತ್ತಿನಲ್ಲೇ ಮಲಗಿಸಿದ. ಅದೇ ವರ್ಷ ಹೋಮ್ಸ್ ಎದುರಿನ ಪಂದ್ಯದ ಏಳನೇ ಸುತ್ತಿನಲ್ಲಿ ಅವನ ಬಲಗೈ ಬೀಸಿ ಬಂದಾಗ, ಚಾಂಪಿಯನ್ ಅಂಗಾತ ಬಿದ್ದ. ಪಂದ್ಯ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಹೋಮ್ಸ್ ಎದ್ದು ನಿಂತ, ಹನ್ನೊಂದನೇ ಸುತ್ತಿನಲ್ಲಿ ಗೆದ್ದೂ ಬಿಟ್ಟ. ಶೇವರ್ಸ್ ಕೊನೆವರೆಗೂ ವಿಶ್ವ ಚಾಂಪಿಯನ್ ಆಗಲಿಲ್ಲ. ಸುತ್ತುಗಳು ಹೆಚ್ಚಾದಂತೆ ದಣಿಯುತ್ತಿದ್ದ ಅನ್ನುವುದು ಒಂದು ಕಾರಣ. ಬಿದ್ದರೂ ಏಳುವಂಥವರೇ ಅವನಿಗೆ ಎದುರಾದರು ಅನ್ನುವುದು ಇನ್ನೊಂದು.

ಹಾಗಾದರೆ ಜೋರನ್ನು ಅಳೆಯಲು ಆಗುವುದಿಲ್ವಾ? ಆಗುತ್ತದೆ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಗುದ್ದನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್. ಬಲ 4,000 ನ್ಯೂಟನ್‌ಗೂ ಹೆಚ್ಚು, ಅಂದರೆ 400 ಕೆ.ಜಿ. ಭಾರಕ್ಕೆ ಸಮ. ಸುಮಾರು 6 ಕೆ.ಜಿ.ಯ ಮರದ ಸುತ್ತಿಗೆಗೆ ಮೆತ್ತೆ ಕಟ್ಟಿ, ಗಂಟೆಗೆ 32 ಕಿ.ಮೀ. ವೇಗದಲ್ಲಿ ಬಾರಿಸಿದಂತೆ ಅಂತ ಅವರೇ ಲೆಕ್ಕ ಹಾಕಿದರು.

ಇತ್ತೀಚೆಗೆ ಫ್ರಾನ್ಸಿಸ್ ಎನ್ಗಾನು ಎಂಬ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ಆಟಗಾರ ಒಂದು ಯಂತ್ರಕ್ಕೆ ಗುದ್ದಿ ದಾಖಲೆ ಮಾಡಿದ ಅಂತ ಭಾರೀ ಪ್ರಚಾರ ಆಯಿತು. ಆದರೆ ಯಂತ್ರ ತಲೆ ಪಕ್ಕಕ್ಕೆ ತಿರುಗಿಸುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. 2023ರಲ್ಲಿ ಅವನು ಬಾಕ್ಸಿಂಗ್ ರಿಂಗಿಗೆ ಬಂದು ಟೈಸನ್ ಫ್ಯೂರಿ ಎಂಬ ಬ್ರಿಟಿಷ್ ಹೆವಿವೇಟ್ ಬಾಕ್ಸರ್‌ನನ್ನು ಒಮ್ಮೆ ಬೀಳಿಸಿದ್ದೇನೋ ನಿಜ. ಮರುವರ್ಷ ಆಂಥನಿ ಜೋಶುವಾ ಅವನನ್ನೇ ಎರಡನೇ ಸುತ್ತಿನಲ್ಲಿ ಎಚ್ಚರ ತಪ್ಪಿಸಿ ಮಲಗಿಸಿದ.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ. ಎಚ್ಚರ ತಪ್ಪಿಸುವುದು ಗುದ್ದಿನ ಭಾರಕ್ಕಿಂತ ಹೆಚ್ಚಾಗಿ ತಲೆ ತಿರುಗುವ ವೇಗ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಅಲುಗುವುದು ಕಷ್ಟ, ತುದಿಯಲ್ಲಿ ತಳ್ಳಿದರೆ ಸರ್ರನೆ ತಿರುಗುತ್ತದೆ. ಕುತ್ತಿಗೆ ಕೀಲಾದರೆ ಗದ್ದವೇ ಆ ತುದಿ. ಅಲ್ಲಿಗೆ ಪಕ್ಕದಿಂದ ಏಟು ಬಿದ್ದರೆ ತಲೆಬುರುಡೆ ಗಕ್ಕನೆ ತಿರುಗುತ್ತದೆ. ದ್ರವದಲ್ಲಿ ತೇಲುವ ಮಿದುಳು ಅಷ್ಟು ಬೇಗ ತಿರುಗುವುದಿಲ್ಲ. ಒಳಗೆ ಎಳೆತ ಉಂಟಾಗಿ, ನಮ್ಮನ್ನು ಎಚ್ಚರವಾಗಿಡುವ ಮಿದುಳಿನ ಬುಡದ ಕೆಲಸ ಒಂದು ಕ್ಷಣ ಕಟ್ಟಾಗುತ್ತದೆ. ಕೆಲವು ನಾಕೌಟ್‌ಗಳಲ್ಲಿ ಬಿದ್ದವನ ಕೈ ಗಾಳಿಯಲ್ಲಿ ಹಾಗೇ ಸೆಟೆದು ನಿಂತಿರುವುದನ್ನು ನೀವು ನೋಡಿರಬಹುದು. ಅದು ನಾಟಕ ಅಲ್ಲ, ಪೆಟ್ಟು ಮಿದುಳಿನ ಬುಡಕ್ಕೆ ತಟ್ಟಿದ ಗುರುತು.

ಏಟು ಬರುವುದು ಕಂಡರೆ ಬಾಕ್ಸರ್ ಗದ್ದ ಕೆಳಗಿಟ್ಟು ಕುತ್ತಿಗೆ ಬಿಗಿ ಹಿಡಿಯುತ್ತಾನೆ. ಆಗ ತಲೆಯ ಜೊತೆ ಮೈಯ ಭಾರವೂ ಸೇರುತ್ತದೆ, ತಲೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಕಾಣದ ಏಟಿಗೆ ಈ ತಯಾರಿ ಇರುವುದಿಲ್ಲ. 'ಕೆಡವುವುದು ಕಾಣದ ಏಟು' ಅಂತ ಬಾಕ್ಸರ್‌ಗಳು ಹೇಳುವುದು ಇದಕ್ಕೇ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ 2012ರ ಡಿಸೆಂಬರ್ 8ರ ಪಂದ್ಯ ನೋಡಿ. ಲಾಸ್ ವೇಗಸ್, ಮ್ಯಾನಿ ಪ್ಯಾಕಿಯಾವ್ ಮತ್ತು ಹುವಾನ್ ಮಾನುಯೆಲ್ ಮಾರ್ಕೆಜ್, ನಾಲ್ಕನೇ ಮುಖಾಮುಖಿ. ಹಿಂದಿನ ಮೂರರಲ್ಲಿ ಒಂದು ಡ್ರಾ, ಎರಡು ಪ್ಯಾಕಿಯಾವ್‌ಗೆ. ತೀರ್ಪುಗಾರರು ತನಗೆ ಅನ್ಯಾಯ ಮಾಡಿದರು ಎಂಬ ಕೊರಗು ಮಾರ್ಕೆಜ್‌ಗೆ ಇತ್ತು. ಈ ಸಲ ಮೂರನೇ ಸುತ್ತಿನಲ್ಲಿ ಪ್ಯಾಕಿಯಾವ್ ಬಿದ್ದ, ಐದನೆಯದರಲ್ಲಿ ಮಾರ್ಕೆಜ್ ಬಿದ್ದ. ಆರನೇ ಸುತ್ತಿನ ಹೊತ್ತಿಗೆ ಮಾರ್ಕೆಜ್ ಮುಖವೆಲ್ಲ ರಕ್ತ. ಸುತ್ತು ಮುಗಿಯಲು ಇನ್ನೇನು ಒಂದು ಸೆಕೆಂಡು ಬಾಕಿ. ಪ್ಯಾಕಿಯಾವ್ ಮುನ್ನುಗ್ಗಿ ಬಂದ. ಮಾರ್ಕೆಜ್ ಹಿಂದೆ ಸರಿಯಲಿಲ್ಲ. ಬಲಗೈಯನ್ನು ಚಿಕ್ಕದಾಗಿ, ನೇರವಾಗಿ ಬಿಟ್ಟ. ಪ್ಯಾಕಿಯಾವ್ ಬೋರಲು ಬಿದ್ದವನು ಅಲುಗಲೇ ಇಲ್ಲ.

ಮಾರ್ಕೆಜ್ ಆ ಗುದ್ದಿಗೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅರ್ಧ ಜೋರು ಪ್ಯಾಕಿಯಾವ್‌ದೇ. ಅವನು ಬರುತ್ತಿದ್ದ ವೇಗ, ಮುಷ್ಟಿಯ ವೇಗ ಎರಡೂ ಕೂಡಿದವು. ಯಂತ್ರದ ಮೇಲೆ ಅದೇ ಗುದ್ದು ಹಾಕಿಸಿದ್ದರೆ ದೊಡ್ಡ ಅಂಕಿ ಏನೂ ಬರುತ್ತಿರಲಿಲ್ಲ.

ತಲೆಯನ್ನು ಮುಟ್ಟದೆಯೂ ನಾಕೌಟ್ ಆಗುತ್ತದೆ. 2004ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಆಸ್ಕರ್ ಡೆ ಲಾ ಹೋಯಾನ ಲಿವರ್ ಮೇಲೆ ಎಡಗೈ ಇಟ್ಟ. ಇಂಥ ಏಟಿಗೆ ಎಚ್ಚರ ಪೂರ್ತಿ ಇರುತ್ತದೆ, ಕಾಲು ಮಾತ್ರ ಮಾತು ಕೇಳುವುದಿಲ್ಲ. ಡೆ ಲಾ ಹೋಯಾ ನೆಲ ಗುದ್ದಿಕೊಂಡು, ರೆಫರಿ ಹತ್ತು ಎಣಿಸುವುದನ್ನು ಕೇಳಿಸಿಕೊಂಡ.

ನನಗೆ ಇಷ್ಟವಾದ ನಾಕೌಟ್ ಯಾವುದು ಅಂದರೆ 1994ರ ನವೆಂಬರ್‌ನದು. ಜಾರ್ಜ್ ಫೋರ್ಮನ್‌ಗೆ ಆಗ 45 ವರ್ಷ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಎದುರು ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು ಬಂದಿದ್ದ. ಎದುರಿಗೆ ಒಮ್ಮೆಯೂ ಸೋಲದ ಮೈಕಲ್ ಮೂರರ್. ಒಂಬತ್ತು ಸುತ್ತು ಫೋರ್ಮನ್ ತಿಂದದ್ದೇ ಜಾಸ್ತಿ. ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದೆ ಇದ್ದ. ಹತ್ತನೆಯದರಲ್ಲಿ ಎಡಗೈ ಮುಂದಿಟ್ಟು, ಅದರ ಬೆನ್ನಿಗೇ ಬಲಗೈ ಗದ್ದಕ್ಕೆ ಇಟ್ಟ. ಅವಸರ ಇಲ್ಲ, ಬೀಸಾಟ ಇಲ್ಲ. ಮೂರರ್ ಅಂಗಾತ ಬಿದ್ದ. ಫೋರ್ಮನ್ ಮೂಲೆಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದ. ಅಷ್ಟು ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದವನು ಇನ್ನೊಬ್ಬನಿಲ್ಲ.

ಆದ್ದರಿಂದ ಬರೀ ಜೋರಿಗೆ ನನ್ನ ಓಟು ಶೇವರ್ಸ್‌ಗೆ. ಆದರೆ ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಒಂದೇ ಏಟಿಗೆ ಬಿದ್ದವನಿಗಿಂತ, ಬೀಳದೆ ನಿಂತು ತಿನ್ನುತ್ತಲೇ ಇರುವವನ ಸ್ಥಿತಿ ಎಷ್ಟೋ ಸಲ ಹೆಚ್ಚು ಅಪಾಯದ್ದು. 1977ರಲ್ಲಿ ಮುಹಮ್ಮದ್ ಅಲಿ ಇದೇ ಶೇವರ್ಸ್ ಎದುರು 15 ಸುತ್ತು ನಿಂತು ಅಂಕದ ಮೇಲೆ ಗೆದ್ದ. ಆಫ್ರಿಕಾದಲ್ಲಿರುವ ನನ್ನ ನೆಂಟರಿಗೂ ಆ ಏಟು ತಟ್ಟಿತು ಅಂತ ತಮಾಷೆ ಮಾಡುತ್ತಿದ್ದ. ಆದರೆ ಅವನ ವೈದ್ಯ ಫರ್ಡಿ ಪಚೆಕೊ ಆ ಪಂದ್ಯ ಆದಮೇಲೆ, ಇನ್ನು ನಿಲ್ಲಿಸು ಅಂದರೂ ಅಲಿ ಕೇಳದೆ ಹೋದಾಗ, ಅವನ ತಂಡ ಬಿಟ್ಟು ಹೊರಟರು. ಅಲಿ 1981ರವರೆಗೂ ಆಡಿದ. ಕೊನೆಯ ಪಂದ್ಯದಲ್ಲಿ ಅವನನ್ನು ಸೋಲಿಸಿದವನು, ಮೇಲೆ ಹೇಳಿದ ಅದೇ ಬರ್ಬಿಕ್. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ, ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನವರೆಗೂ ಏಟು ತಿಂದು ಕುಸಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಇವತ್ತು ನೀವು ನೋಡುವ ವಿಶ್ವ ಪ್ರಶಸ್ತಿ ಪಂದ್ಯಗಳು 15ರ ಬದಲು 12 ಸುತ್ತಿಗೆ ಮುಗಿಯುವುದು ಆ ಸಾವಿನ ನಂತರ ಬಂದ ಬದಲಾವಣೆಯಿಂದ.