ಟೈಮರ್ ಎಲ್ಲಿ ಇಟ್ಟಿರಿ?

"ಪೇಜ್ ತೆರೆಯೋಕೆ 3 ಸೆಕೆಂಡ್ ಹಿಡಿಯುತ್ತಿದೆ. ಡೇಟಾಬೇಸ್‌ದೇನೂ ತಪ್ಪಿಲ್ಲ ಸರ್, ಲಾಗ್ ನೋಡಿ, ಕ್ವೆರಿಗೆ 0.02 ಮಿಲಿಸೆಕೆಂಡ್ ಅಷ್ಟೇ!" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೇರೆ ಮಷಿನ್‌ನಲ್ಲಿರುವ ಡೇಟಾಬೇಸ್‌ಗೆ ಹೋಗಿ ಬರಲೇ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲ್ವಾ? ನೀವು ಅಳೆದ ಜಾಗದಲ್ಲಿ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಓಡಿಯೇ ಇಲ್ಲ.

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಫಿಲ್ಟರ್ ಬರೆದ ಸಾಲು ಡೇಟಾಬೇಸನ್ನು ಮುಟ್ಟುವುದಿಲ್ಲ. ಅಲ್ಲಿ ಆಗುವುದು ಬರೀ ಕ್ವೆರಿಯ ತಯಾರಿ. ಅದರ ಮೇಲೆ ಲೂಪ್ ಓಡಿಸಿದಾಗಲೋ ಲಿಸ್ಟ್ ಮಾಡಿದಾಗಲೋ ಕ್ವೆರಿ ಹೊರಡುತ್ತದೆ. ಆ ಲೂಪ್ ಎಷ್ಟೋ ಸಲ ಪೇಜಿನ ಎಚ್‌ಟಿಎಂಎಲ್ ಕಟ್ಟುವ ಟೆಂಪ್ಲೇಟ್‌ನಲ್ಲಿರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಟೈಮರ್ ನಿಂತು ಲಾಗ್ ಬರೆದಾಗಿರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಕಥೆ. ಅಸಿಂಕ್ ಫಂಕ್ಷನ್ ಕರೆದು, ಕೆಲಸ ಮುಗಿಯುವವರೆಗೆ ಕಾಯಿಸುವ ಅವೇಟ್ ಮರೆತರೆ ಕೈಗೆ ಸಿಗುವುದು ಪ್ರಾಮಿಸ್ ಮಾತ್ರ, ಅಂದರೆ ಫಲಿತಾಂಶ ಆಮೇಲೆ ಕೊಡುತ್ತೇನೆ ಅನ್ನುವ ಚೀಟಿ; ಕೆಲಸ ಇನ್ನೂ ಬಾಕಿ. ಕಾಗದ ಡಬ್ಬಿಗೆ ಹಾಕಿದ ಹೊತ್ತನ್ನೇ ಅದು ಊರು ಮುಟ್ಟಿದ ಹೊತ್ತು ಅಂದ ಹಾಗೆ.

ಒಂದು ತಂಡ ಇಂಥ ಲಾಗ್ ನಂಬಿ ಸರ್ವರ್ ದೊಡ್ಡದು ಮಾಡಿತು. ಪೇಜ್ ಮೊದಲಿನಷ್ಟೇ ನಿಧಾನ. ಟೆಂಪ್ಲೇಟ್ ರೆಂಡರ್ ಸುತ್ತ ಟೈಮರ್ ಇಟ್ಟು, ಪ್ರತಿ ರಿಕ್ವೆಸ್ಟ್‌ಗೆ ಎಷ್ಟು ಕ್ವೆರಿ ಹೋಗುತ್ತಿವೆ ಎಂಬುದನ್ನೂ ಲಾಗ್ ಮಾಡಿಸಿದೆವು. ಒಂದೊಂದು ಆರ್ಡರ್‌ಗೂ ಗ್ರಾಹಕರ ಹೆಸರು ತರಲು ಬೇರೆ ಬೇರೆ ಕ್ವೆರಿ! ಸಂಬಂಧಿಸಿದ ಟೇಬಲ್‌ನ ಮಾಹಿತಿಯನ್ನೂ ಜೊತೆಗೇ ತರಿಸುವ ಜ್ಯಾಂಗೋದ ಸೆಲೆಕ್ಟ್ ರಿಲೇಟೆಡ್ ಸೇರಿಸಿದ್ದೇ ತಡ, ಎಲ್ಲ ಒಂದೇ ಕ್ವೆರಿಯಲ್ಲಿ ಬಂತು. ಚುರುಕು ಹುಡುಗರು, ಅವರ ಕೋಡ್ ಓದಿದರೆ ಖುಷಿಯಾಗುತ್ತದೆ. ಸುಮ್ನೆ ದುಡ್ಡು ಸುರಿದರಲ್ಲ ಅಂತ ನನಗೆ ಬೇಜಾರು.

ಹಾಗಂತ ಅಳೆಯುವುದಕ್ಕೆಂದೇ ಪ್ರೊಡಕ್ಷನ್‌ನಲ್ಲಿ ಎಲ್ಲವನ್ನೂ ಲಿಸ್ಟ್ ಮಾಡಬೇಡಿ. ಮುಂದೆ ಹತ್ತೇ ಸಾಲು ಬೇಕಿದ್ದರೂ ಇಡೀ ಟೇಬಲ್ ಮೆಮೊರಿಗೆ ಬಂದು ಕೂರಬಹುದು. ಅವೇಟ್ ಸುತ್ತ ಅಳೆದ ಸಮಯದಲ್ಲಿ ಕನೆಕ್ಷನ್ ಪೂಲ್‌ನಲ್ಲಿ (ಎಲ್ಲರೂ ಹಂಚಿಕೊಳ್ಳುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಸರದಿ ಕಾದದ್ದೂ ಸೇರಿರುತ್ತದೆ. ಅದನ್ನು ನೋಡಿ ಕ್ವೆರಿಯೇ ನಿಧಾನ ಎಂದು ತಕ್ಷಣ ತೀರ್ಮಾನಿಸಬೇಡಿ.

ಅಳೆಯಲು ಯಾವ ಗಡಿಯಾರ ಬಳಸಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ: ಪೈಥಾನ್‌ನಲ್ಲಿ ಪರ್ಫ್ ಕೌಂಟರ್, ಜಾವಾಸ್ಕ್ರಿಪ್ಟ್‌ನಲ್ಲಿ ಪರ್ಫಾರ್ಮೆನ್ಸ್ ನೌ. ಸಿಸ್ಟಮ್ ಗಡಿಯಾರದಿಂದ ಅಳೆಯುವಾಗ ಅದನ್ನು ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಮಧ್ಯದಲ್ಲೇ ಹಿಂದಕ್ಕೆ ತಿದ್ದಿದರೆ ಲಾಗ್‌ನಲ್ಲಿ ಮೈನಸ್ ಸಮಯವೂ ಬರಬಹುದು.

ಟೈಮರ್ ನಿಲ್ಲಿಸಿ ಲಾಗ್ ಬರೆಯುವ ಸಾಲು, ಎರರ್ ಬಂದರೂ ಓಡುವ ಫೈನಲಿ ಬ್ಲಾಕ್‌ನಲ್ಲಿರಲಿ. ಇಲ್ಲದಿದ್ದರೆ ಟೈಮ್‌ಔಟ್ ಆಗಿ ಎರರ್ ಎಸೆದ ರಿಕ್ವೆಸ್ಟ್‌ಗಳು, ಅಂದರೆ ಎಲ್ಲಕ್ಕಿಂತ ನಿಧಾನವಾದವು, ಲಾಗ್‌ಗೆ ಬರುವುದೇ ಇಲ್ಲ.